ಮುಂಚೆ ಮೇಸ್ತ್ರಿ

ಸ್ಪೋರ್ಟ್ಸ್ ಕಾರುಗಳ ಎಂಜಿನ್ ಬಿಚ್ಚುವ ನಮ್ಮ ಬೀದಿಯ ಮೆಕ್ಯಾನಿಕ್‌ಗೆ ನಾವಿಟ್ಟ ಹೆಸರು ಮುಂಚೆ ಮೇಸ್ತ್ರಿ. ಬಾಯಿ ತೆರೆದರೆ "ಕೆಡೋಕೆ ಮುಂಚೆ ಬದಲಾಯಿಸಿಬಿಡೋಣ" ಎನ್ನುತ್ತಾನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು, ಪಕ್ಕದ ಮನೆಯ ಜಗಳ ಕೇಳುವವನಂತೆ ಕಣ್ಣು ಮುಚ್ಚುತ್ತಾನೆ. "ಎಲ್ಲಾ ಆಟೋಮ್ಯಾಟಿಕ್ ಗಾಡಿ ಕಣಯ್ಯಾ" ಎಂದು ಯಾರಾದರೂ ಜಂಬ ಕೊಚ್ಚಿದರೆ, "ಸವೆಯೋದೂ ಆಟೋಮ್ಯಾಟಿಕ್ಕೇ ಸಾರ್" ಎನ್ನುತ್ತಾನೆ. ಒಂದು ಹನಿ ಎಣ್ಣೆ ಜಿನುಗದ ಸೀಲನ್ನೂ ಬೆರಳಿನಿಂದ ಸವರಿ ಅನುಮಾನಿಸುತ್ತಾನೆ. ಅವನು ನನ್ನ ಕೈ ಕುಲುಕಿದರೂ ಮೊಣಕೈ ಬದಲಾಯಿಸಬೇಕು ಎಂದಾನೇನೋ ಎಂದು ನನಗೆ ದಿಗಿಲು. ಬೇರಿಂಗ್, ಸೀಲು ಮಾರುವ ನನಗೆ ಇಂಥ ಗಿರಾಕಿ ಸಿಕ್ಕಿದ್ದು ಪುಣ್ಯವೇ. ಆದರೆ ಅವನಿಗೆ ವ್ಯಾಪಾರದ ಬುದ್ಧಿ ಎಳ್ಳಷ್ಟೂ ಇಲ್ಲ. ಮೊನ್ನೆ, ಮೂರು ಕಾರು ಇಟ್ಟುಕೊಂಡಿರುವ ಡಾಕ್ಟರಮ್ಮನ ಮೊದಲ ಕಾರಿನ ಎಂಜಿನ್ ಬಿಚ್ಚಿದರೆ, ಹಳೆಯ ಬೇರಿಂಗುಗಳ ಮೇಲೆ ಒಂದು ಗೀರೂ ಇರಲಿಲ್ಲ. "ಮೊಳೆ ತಗೊಂಡು ಎರಡು ಗೀರು ಎಳೆದುಬಿಡೋ, ಆಯಮ್ಮನಿಗೂ ಸಮಾಧಾನ" ಎಂದು ಪಿಸುಗುಟ್ಟಿದೆ. ಅವನು ಅವುಗಳನ್ನು ಒರೆಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, "ಇವು ಚೆನ್ನಾಗೇ ಇದ್ವು ಮೇಡಂ, ನನ್ನ ಅಂದಾಜು ತಪ್ಪಿತು" ಎಂದ. "ಹಾಗಾದ್ರೆ ಬಿಚ್ಚಿದ್ದು ಯಾಕಪ್ಪ? ಉಳಿದ ಎರಡು ಕಾರು ಇಲ್ಲಿಗೆ ಬರಲ್ಲ ಬಿಡು" ಎಂದು ಆಕೆ ಮುಖ ಗಂಟಿಕ್ಕಿಕೊಂಡು ಹೊರಟರು. "ಒಂದು ಸುಳ್ಳಿಗೆ ಹಿಂದೆಮುಂದೆ ನೋಡಿ ಎರಡು ಕಾರನ್ನ ಕೈಯಾರೆ ಕಳ್ಕೊಂಡ್ಯಲ್ಲೋ" ಎಂದು ರೇಗಿದೆ. "ಕೆಟ್ಟಿದೆ ಅಂತ ನಾನು ಹೇಳಿದ ದಿನ ಅವರು ನನ್ನ ಮಾತು ನಂಬಿ ಗಾಡಿ ಓಡಿಸೋದು ನಿಲ್ಲಿಸ್ಬೇಕಲ್ಲ ಅಣ್ಣ" ಎಂದ ಅವನು.