ತನಿ ಎಂಬ ಎರಡಕ್ಷರ

ಹೊಸೂರಿಗೆ ಬಂದು ಇಷ್ಟು ವರ್ಷವಾದರೂ ನನ್ನ ತಮಿಳು ತರಕಾರಿ ಅಂಗಡಿ ದಾಟಿ ಮುಂದೆ ಹೋಗಿಲ್ಲ. ಆದರೂ ಅವಲಪಲ್ಲಿಯ ನಮ್ಮ ಬೀದಿಯಲ್ಲಿ ಕನ್ನಡದವರಿಗೆಲ್ಲ ನಾನೇ ದುಭಾಷಿ. ಹಾಳೂರಿಗೆ ಉಳಿದವನೇ ಗೌಡ ಅನ್ನುವುದು ಇದಕ್ಕೇ.

ಎದುರಿನ ವಠಾರದ ರತ್ನಮ್ಮ ಹೋದ ತಿಂಗಳು ಒಂದು ಲೋಟ ಹಾಲು ಕೇಳಿಕೊಂಡು ಬಂದಳು. ಮಾಲೂರಿನ ಕಡೆಯವಳು, ಮಗ ಇಲ್ಲಿ ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸಗಾರ. ಅವನಿಗೆ ಟಿ.ಬಿ. ಎಂದು ಆಗಷ್ಟೇ ಗೊತ್ತಾಗಿತ್ತು. ಹಾಲು ಅವನಿಗಿರಬೇಕು ಅಂದುಕೊಂಡೆ.

"ಅವ್ನಿಗಲ್ಲಕ್ಕಾ, ಹುತ್ತಕ್ಕೆ. ತನಿ ಎರೀಬೇಕು ಅಂತ ಆಸ್ಪತ್ರೆ ನರ್ಸಮ್ಮನೇ ಯೋಳವ್ರೆ."

ಸರ್ಕಾರ ಹುತ್ತದ ಪೂಜೆಯನ್ನೂ ಔಷಧಿ ಚೀಟಿಯಲ್ಲಿ ಬರೆಯಲು ಶುರುಮಾಡಿತೇ ಎಂದು ಗಾಬರಿಯಾಯಿತು. ಆಮೇಲೆ ಹೊಳೆಯಿತು. ನರ್ಸು ತಮಿಳಿನಲ್ಲಿ 'ತನಿಯಾ ಇರಣುಂ' ಅಂದಿರಬೇಕು. ಅವರ ತನಿ ಎಂದರೆ ಒಂಟಿ, ಬೇರೆ. ನಮ್ಮ ತನಿ ನಾಗಪ್ಪನಿಗೆ ಎರೆಯುವ ಹಾಲು. ರಸ ತುಂಬಿ ಮಾಗಿದ ಹಣ್ಣನ್ನೂ ಹಳಬರು ತನಿವಣ್ಣು ಅನ್ನುತ್ತಿದ್ದರು. ನೆರೆಮನೆಯ ಎರಡು ಭಾಷೆಗಳು ಒಂದೇ ಸದ್ದನ್ನು ಬೇರೆ ಬೇರೆ ಪಾತ್ರೆಗೆ ಬಗ್ಗಿಸಿಕೊಂಡಿವೆಯಲ್ಲ ಎಂದು ನನಗೆ ಖುಷಿಯೂ ಆಯಿತು.

ಆ ಖುಷಿಯಲ್ಲೇ ಬಿಡಿಸಿ ಹೇಳಿದೆ: ಹಾಲಲ್ಲ ರತ್ನಮ್ಮ, ಮಾತ್ರೆ ಗುಣ ಕೊಡುವ ತನಕ ಮಗ ಬೇರೆ ಕೋಣೆಯಲ್ಲಿ ಮಲಗಬೇಕು, ನಿನ್ನ ಪುಟ್ಟ ಮೊಮ್ಮಗಳಿಗೆ ಅಂಟದಿರಲಿ ಅಂತ.

ಅವಳು ನಗಲಿಲ್ಲ. "ಇರಾದು ಒಂದೇ ರೂಮು ಕಣಕ್ಕಾ. ಕಿಟಕಿ ತೆಗುದ್ರೆ ಪಕ್ಕದ್ ಮನೆ ಗೋಡೆ. ಅವ್ನುನ್ನ ಎಲ್ ಮನಗ್ಸಾನ? ತನಿ ಎರೆಯಾದಾದ್ರೆ ನಮ್ ಕೈಲಾಯ್ತದೆ."

ಹಾಲು ಕೊಟ್ಟೆ. ಮಾತ್ರೆಯನ್ನು ಸರ್ಕಾರ ಬಿಟ್ಟಿ ಕೊಡುತ್ತದೆ, ಇನ್ನೊಂದು ಕೋಣೆಯನ್ನು ಯಾರು ಕೊಡುತ್ತಾರೆ? ಲೇಔಟಿನ ಹಿಂದಿನ ಆ ಹುತ್ತದ ಪಕ್ಕದಲ್ಲೂ ಈಗ ಸೈಟಿನ ಕಲ್ಲು ನೆಟ್ಟಿದ್ದಾರೆ. ನಾಗಪ್ಪನೂ ಇನ್ನು ವಠಾರ ಹುಡುಕಬೇಕು.

ಈ ವಾರ ಮೊಮ್ಮಗಳು ಕೆಮ್ಮುತ್ತಿದ್ದಾಳೆ. ಕಫ ಪರೀಕ್ಷೆಗೆ ಕೊಟ್ಟು ಬಂದಿದ್ದಾರೆ. ಆ ಸಣ್ಣ ಕೆಮ್ಮು ನಮ್ಮ ಅಡುಗೆಮನೆಗೂ ಕೇಳಿಸುತ್ತದೆ. ನಿನ್ನೆ ರತ್ನಮ್ಮ ಮತ್ತೆ ಲೋಟ ಹಿಡಿದು ಬಂದಳು. ಲೋಟದ ತುಂಬ ಹಾಲು ಹಾಕಿ ಬಾಗಿಲು ಮುಚ್ಚಿಕೊಂಡೆ.

ನಮ್ಮ ಮನೆಯಲ್ಲಿ ಮೂರು ಕೋಣೆ, ಇರುವವಳು ನಾನೊಬ್ಬಳು. ಕೆಮ್ಮಿಲ್ಲ, ಜ್ವರವಿಲ್ಲ. ನರ್ಸಮ್ಮನ ಮಾತನ್ನು ಈ ಬೀದಿಯಲ್ಲಿ ಚಾಚೂ ತಪ್ಪದೆ ಪಾಲಿಸುತ್ತಿರುವವಳು ನಾನೇ.