ಫ್ರಿಜ್ಜಿನ ರಬ್ಬರ್ ಪಟ್ಟಿ

ಆ ಬೆಟ್ಟದ ಜನ ಪಾದ್ರಿಯ ಹೆಂಡತಿಗೆ ಸೂಜಿಯಮ್ಮ ಎಂದು ಹೆಸರಿಟ್ಟಿದ್ದರು. ಹಟ ಮಾಡುವ ಮಕ್ಕಳನ್ನು ಸುಮ್ಮನಿರಿಸಲು ತಾಯಂದಿರು ಗುಮ್ಮನನ್ನು ಬಿಟ್ಟು ಅವಳನ್ನು ಕರೆಯತೊಡಗಿ ಹತ್ತೊಂಬತ್ತು ವರ್ಷವಾಗಿತ್ತು. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಮೂಗಿನ ತುದಿಯಲ್ಲೇ ಕೋಪ. ಪಾದ್ರಿ ದೇವರನ್ನು ನಂಬಿ ಈ ಕಾಡಿಗೆ ಬಂದ, ಅವಳು ಪಾದ್ರಿಯನ್ನು ನಂಬಿ ಬಂದಳು.

ಮೂರು ಕೋಣೆಯ ತಗಡಿನ ಮನೆ. ಮುಂದಿನ ಕೋಣೆ ಭಾನುವಾರ ಪ್ರಾರ್ಥನಾಲಯ, ಉಳಿದ ದಿನ ದವಾಖಾನೆ. ಬೆಂಚುಗಳು ಅವೇ, ಭಾನುವಾರ ಅವುಗಳ ಮೇಲೆ ಕೂತವರು ಕೆಮ್ಮುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಅಡುಗೆಮನೆಯ ಹಿಂದಿನ ಮೂಲೆಯಲ್ಲಿ ಸೀಮೆಎಣ್ಣೆಯಿಂದ ನಡೆಯುವ ಒಂದು ಹಳೆಯ ಫ್ರಿಜ್ಜು. ಕೆಳಗೆ ಬತ್ತಿ ಉರಿಯಬೇಕು, ಮೇಲೆ ತಣ್ಣಗಾಗಬೇಕು. ಆ ಬತ್ತಿಯನ್ನು ಅವಳು ಎಳೆಗೂಸಿನ ಹಾಗೆ ನೋಡಿಕೊಂಡಳು. ಆದರೆ ಏಳು ವರ್ಷದ ಹಿಂದೆ ಅದರ ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ ಬಿರುಕು ಬಿಟ್ಟು ಉದುರಿಹೋಯಿತು. ಹಳೇ ಬಟ್ಟೆ ತುರುಕಿದಳು, ಗಂಡನ ಬೆಲ್ಟಿನಿಂದ ಬಾಗಿಲು ಬಿಗಿದಳು. ಏನು ಮಾಡಿದರೂ ಎರಡನೇ ದಿನಕ್ಕೆ ಒಳಗಿನ ಥರ್ಮಾಮೀಟರಿನ ಗೆರೆ ಮೇಲೇರಿ ಅವಳನ್ನು ಅಣಕಿಸುತ್ತಿತ್ತು.

ಅಣಕ ಯಾಕೆಂದರೆ, ಜಿಲ್ಲಾ ಆಸ್ಪತ್ರೆಯ ದೋಣಿ ವರ್ಷಕ್ಕೆ ಎರಡೇ ಸಲ ದಡಾರದ ಲಸಿಕೆ ತರುತ್ತಿತ್ತು. ಅಂದು ಹತ್ತಿರವಿದ್ದ ಮಕ್ಕಳಿಗೆ ಚುಚ್ಚಿ ಆಯಿತು. ಮೇಲಿನ ಊರುಗಳಿಂದ ಮಕ್ಕಳನ್ನು ಹೊತ್ತು ತರಲು ಮೂರು ನಾಲ್ಕು ದಿನ ಬೇಕು. ಅಷ್ಟರಲ್ಲಿ ಮಿಕ್ಕ ಶೀಶೆಗಳು ಬೆಚ್ಚಗಾಗಿ ಕೆಟ್ಟಿರುತ್ತಿದ್ದವು. ಅವನ್ನು ಹಿತ್ತಲಲ್ಲಿ ಹೂಳುವಾಗ ಪ್ರತಿ ಸಲವೂ ಅವಳು ಒಂದೊಂದನ್ನೂ ಎಣಿಸುತ್ತಿದ್ದಳು.

ಸಹಾಯ ಬರುತ್ತಿರಲಿಲ್ಲ ಎಂದಲ್ಲ, ಬೇಕಾದಷ್ಟು ಬರುತ್ತಿತ್ತು! ದೂರದ ನಗರದ ಕ್ರೈಸ್ತ ಸಭೆಯ ಮಹಿಳಾ ಸಂಘದವರು ವರ್ಷಕ್ಕೆ ಎರಡು ಪೆಟ್ಟಿಗೆ ಕಳಿಸುತ್ತಿದ್ದರು. ಬೆವರು ಸುರಿಯುವ ಕಾಡಿಗೆ ಉಣ್ಣೆಯ ಕೋಟು, ಬರೀ ಎಡಗಾಲಿನ ಬೂಟು, ಚೂರು ಕಳೆದುಹೋದ ಆಟದ ಸಾಮಾನು, ಒಂದು ಸಲ ಮದುವೆಯ ಉದ್ದನೆ ಗೌನು. ಆ ಗೌನನ್ನು ಕತ್ತರಿಸಿ ಅವಳು ನಲವತ್ತು ಬ್ಯಾಂಡೇಜು ಮಾಡಿದಳು. ಪೆಟ್ಟಿಗೆ ಬಿಚ್ಚಿದಾಗಲೆಲ್ಲ ಆ ಕಾಣದ ಹೆಂಗಸರಿಗೆ ಹಿಡಿಶಾಪ ಹಾಕುತ್ತಿದ್ದಳು. "ಮನೆ ಗುಡಿಸಿ ಕಸ ಕಳಿಸ್ತಾರಲ್ಲ, ಇವರ ಕಣ್ಣಿಗೆ ನಾವೇನು ತಿಪ್ಪೆಯಾ?"

ಶಾಪ ಹಾಕಿದ ಮೇಲೆ ಧನ್ಯವಾದದ ಪತ್ರ ಬರೆಯಬೇಕು. ಅದು ಮಿಷನ್ನಿನ ನಿಯಮ. ಪಾದ್ರಿಯ ಹೆಂಡತಿಯೇ ಬರೆಯಬೇಕು. ಅವಳು ಹಲ್ಲು ಕಚ್ಚಿಕೊಂಡು ಕೋಟಿಗೆ ವಂದನೆ, ಬೂಟಿಗೆ ವಂದನೆ ಎಂದು ಬರೆದು, ಕೊನೆಯಲ್ಲಿ ಪ್ರತಿ ಸಲವೂ ಒಂದೇ ಮಾತು ಸೇರಿಸುತ್ತಿದ್ದಳು: 'ದಯವಿಟ್ಟು ಬೇರೇನೂ ಬೇಡ, ಫ್ರಿಜ್ಜಿನ ಬಾಗಿಲಿಗೆ ಒಂದು ರಬ್ಬರ್ ಪಟ್ಟಿ ಕಳಿಸಿ.' ಜೊತೆಗೆ ಅಳತೆ. ಅವಳ ಕೈಬರಹ ಕೋಳಿ ಕೆದರಿದ ಹಾಗೆ. ಪಾದ್ರಿಯದು ಮುತ್ತು ಪೋಣಿಸಿದಂಥ ಬರಹ. ಹಾಗಾಗಿ ಅವಳು ಬರೆದದ್ದನ್ನು ಅವನು ಶುದ್ಧ ಪ್ರತಿ ಮಾಡಿ, ಅವಳ ಹೆಸರು ಹಾಕಿ, ಲಕೋಟೆ ಅಂಟಿಸಿ ಟಪಾಲಿನ ದೋಣಿಗೆ ಕೊಡುತ್ತಿದ್ದ. ಹೀಗೆ ಏಳು ವರ್ಷ, ಹದಿನಾಲ್ಕು ಪತ್ರ. ಪಟ್ಟಿ ಬರಲಿಲ್ಲ, ಕೋಟು ಬರುತ್ತಲೇ ಇತ್ತು.

ಆ ವರ್ಷ ಲಸಿಕೆಯ ದೋಣಿ ಬಂದ ದಿನ ಸೂಲಗಿತ್ತಿ ಮೇಲಿನ ಊರಿನಲ್ಲಿ ಒಂದು ಹೆರಿಗೆಗೆ ಹೋಗಿದ್ದಳು. ಬೆಟ್ಟದವಳೇ ಆದ ಆ ಮುದುಕಿ ಪಾದ್ರಿಯ ಮಗಳು ಹುಟ್ಟಿದಾಗಲೂ ತನ್ನ ಕೈಯಲ್ಲೇ ಹಿಡಿದವಳು; ಸೂಜಿಯಮ್ಮ ಜಗಳವಾಡದೆ ಮಾತಾಡುತ್ತಿದ್ದುದು ಅವಳೊಬ್ಬಳ ಹತ್ತಿರ. ತಾಯಿ ಸತ್ತು ಆ ವರ್ಷವಷ್ಟೇ ಮೇಲಿನ ಊರಿನಿಂದ ತನ್ನ ಬಳಿಗೆ ಬಂದಿದ್ದ ನಾಲ್ಕು ವರ್ಷದ ಮೊಮ್ಮಗಳನ್ನು ಜೊತೆಗೇ ಒಯ್ದಿದ್ದಳು. ನಾಲ್ಕನೇ ದಿನ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ನಿಂತಾಗ, ಶೀಶೆಗಳೆಲ್ಲ ಹಿತ್ತಲಿನ ಮಣ್ಣಿನಲ್ಲಿದ್ದವು.

"ಮುಂದಿನ ದೋಣಿಗೆ ಹಾಕ್ತೀನಿ ಅಕ್ಕ," ಎಂದಳು ಸೂಜಿಯಮ್ಮ.

ಮುಂದಿನ ದೋಣಿಗಿಂತ ಮೊದಲು ದಡಾರ ಬಂತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸೂಜಿಯಮ್ಮ ಮೂರು ವಾರ ಸೂಲಗಿತ್ತಿಯ ಗುಡಿಸಲಿನಲ್ಲಿ ಕಾದಳು. ಮಗು ಉಳಿಯಿತು, ಕಣ್ಣು ಉಳಿಯಲಿಲ್ಲ, ಎರಡೂ. ಪಾದ್ರಿಯ ಮಗಳು, ಹನ್ನೊಂದರವಳು, ಅದೇ ಚಾಪೆಯ ಮೇಲೆ ಕೂತು ಮಗುವಿಗೆ ನೀರು ಕುಡಿಸಿದ್ದಳು. ಅವಳಿಗೆ ಏನೂ ಆಗಲಿಲ್ಲ. ರಜೆಗೆ ಪಟ್ಟಣಕ್ಕೆ ಹೋದಾಗ ಆಸ್ಪತ್ರೆಯಲ್ಲಿ ಅವಳಿಗೆ ಲಸಿಕೆ ಹಾಕಿಸಿಯಾಗಿತ್ತು.

ಇದಾದ ತಿಂಗಳಿಗೆ ಪೆಟ್ಟಿಗೆ ಬಂತು. ಸೂಜಿಯಮ್ಮ ಚಾಕುವಿನಿಂದ ಹಗ್ಗ ಕತ್ತರಿಸಿ ಮುಚ್ಚಳ ತೆಗೆದರೆ, ಮೇಲುಗಡೆಯೇ ಒಂದು ಚೀಲದ ತುಂಬ ಯಾರೋ ಹಾಕಿ ಬಿಟ್ಟ ಕನ್ನಡಕಗಳು. ಅವಳ ಪಿತ್ತ ನೆತ್ತಿಗೇರಿತು. ಆ ಚೀಲವನ್ನು ಹೊಳೆಗೆ ಎಸೆದುಬಿಡೋಣ ಎಂದು ಎದ್ದೇ ಬಿಟ್ಟಳು. ಆಗ ಒಂದು ಕನ್ನಡಕಕ್ಕೆ ಸುತ್ತಿದ್ದ ಕಾಗದದ ಮೇಲೆ ತನ್ನ ಹೆಸರು ಕಂಡಿತು.

ಅದು ಆ ಸಭೆಯವರ ಮಾಸಪತ್ರಿಕೆಯ ಹಾಳೆ. ಈ ಕಾಡಿಗೆ ಆ ಪತ್ರಿಕೆ ಎಂದೂ ಬಂದಿರಲಿಲ್ಲ. ಹಾಳೆಯ ನಡುವೆ ಚೌಕಟ್ಟು ಹಾಕಿ ಅವಳ ಪತ್ರವನ್ನು ಅಚ್ಚು ಮಾಡಿದ್ದರು. ಕೋಟಿಗೆ ವಂದನೆ ಇತ್ತು, ಬೂಟಿಗೆ ವಂದನೆ ಇತ್ತು. ರಬ್ಬರ್ ಪಟ್ಟಿ ಇರಬೇಕಾದ ಕಡೆ, 'ದೇವರ ಕೃಪೆಯಿಂದ ನಮಗೆ ಇಲ್ಲಿ ಯಾವ ಕೊರತೆಯೂ ಇಲ್ಲ' ಎಂದಿತ್ತು.

ಅವಳು ಉಳಿದ ಕನ್ನಡಕಗಳನ್ನೂ ಬಿಚ್ಚಿದಳು. ಬೇರೆ ಬೇರೆ ತಿಂಗಳ ಹಾಳೆಗಳಲ್ಲಿ ಅವಳ ಇನ್ನೆರಡು ಪತ್ರ ಸಿಕ್ಕವು. ಎರಡರಲ್ಲೂ ಅದೇ ಸಾಲು.

ಪಾದ್ರಿ ಮೇಜಿನ ಮುಂದೆ ಭಾನುವಾರದ ಪ್ರಾರ್ಥನೆಯಲ್ಲಿ ಮಾಡುವ ಪ್ರಸಂಗ ಬರೆಯುತ್ತಿದ್ದ. ಅವಳು ಮೂರು ಹಾಳೆಗಳನ್ನೂ ಅದರ ಮೇಲೆ ಹರವಿದಳು.

"ಇದನ್ನ ಬರೆದಿದ್ದು ಯಾರು?"

"ನೀನೇ ಅಲ್ವಾ?"

"ನಾನು ಬರೆದಿದ್ದು ನಂಗೆ ಗೊತ್ತು ರೀ. ಇದನ್ನ ಬರೆದಿದ್ದು ಯಾರು ಅಂತ ಕೇಳಿದೆ."

ಅವನು ಕನ್ನಡಕ ತೆಗೆದು ಒರೆಸಿದ. ಸಾಧು ಮನುಷ್ಯ, ಸುಳ್ಳು ಹೇಳಿ ಅಭ್ಯಾಸವಿಲ್ಲ. "ಪ್ರತಿ ಮಾಡೋವಾಗ ಒಂದು ಮಾತು ನಯ ಮಾಡ್ದೆ. ದೇವರ ಕೆಲಸಕ್ಕೆ ಬಂದೋರು ಅದು ಕೊಡಿ ಇದು ಕೊಡಿ ಅಂತ ಕೈ ಚಾಚಬಾರದು ಕಣೇ. ಆ ಪಟ್ಟಿಗೋಸ್ಕರ ನಾನು ದಿನಾ ಪ್ರಾರ್ಥನೆ ಮಾಡ್ತಿದ್ದೆ, ನಿಜವಾಗ್ಲೂ. ದೇವರಿಗೆ ಗೊತ್ತಿತ್ತು."

"ದೇವರಿಗೆ ಗೊತ್ತಿತ್ತು. ಆ ಹೆಂಗಸರಿಗೆ ಗೊತ್ತಿರ್ಲಿಲ್ಲ!" ಅವಳ ದನಿ ತಗಡಿಗೆ ಬಡಿಯಿತು. "ಪಟ್ಟಿ ಕಳಿಸೋಕೆ ಅಂತ ದೇವರು ನನ್ನ ಕೈಲಿ ಒಂದು ಸಾಲು ಬರೆಸ್ತಿದ್ದ ರೀ. ವರ್ಷಕ್ಕೆರಡು ಸಲ ಬರೆಸ್ತಿದ್ದ. ಅದನ್ನ ನೀವು ಕುತ್ಕೊಂಡು ಅಳಿಸ್ತಿದ್ರಿ. ಅಲ್ಲಿ ಮರ್ಯಾದೆ ಉಳೀತು ನಿಮ್ದು. ಇಲ್ಲಿ ಆ ಮಗು ಕಣ್ಣು ಹೋಯ್ತು."

ಅವನ ಮೇಲೆ ಕೋಪ ಬಂದಷ್ಟೇ ಅವಳಿಗೆ ತನ್ನ ಮೇಲೂ ಬಂತು. ಏಳು ವರ್ಷ ಯಾರ್ಯಾರನ್ನೋ ಬೈದಳಲ್ಲ! ಒಂದು ಸಲ, ಒಂದೇ ಒಂದು ಸಲ, ಲಕೋಟೆ ಅಂಟಿಸುವ ಮೊದಲು ಇಸಿದುಕೊಂಡು ಓದಿದ್ದರೆ?

"ಏಳಿ, ಅಕ್ಕನ ಮನೆಗೆ ಹೋಗೋಣ."

"ಈಗಲೇ?"

"ಏಳು ವರ್ಷ ತಡ ಆಗಿದೆ, ಇನ್ಯಾವಾಗ?"

ಸೂಲಗಿತ್ತಿಯ ಗುಡಿಸಲಿನ ಮುಂದೆ ಮೊಮ್ಮಗಳು ಕೂತು ಬೆರಳಿನಿಂದ ತಡವಿ ತಡವಿ ಕಾಳು ಬಿಡಿಸುತ್ತಿದ್ದಳು. ಪಾದ್ರಿ ಬೆಟ್ಟದ ಜನರ ನುಡಿಯನ್ನು ಅವರಿಗಿಂತ ಚೆನ್ನಾಗಿ ಆಡುತ್ತಾನೆ ಎಂದು ಹೆಸರಾದವನು. ಅವತ್ತು ಅವನಿಗೆ ಮಾತೇ ಕೂಡಿಬರಲಿಲ್ಲ. ತಡವರಿಸುತ್ತ, ನೆಲ ನೋಡುತ್ತ, ಪಟ್ಟಿಯ ವಿಷಯ, ಪತ್ರದ ವಿಷಯ, ಅಳಿಸಿದ ವಿಷಯ ಎಲ್ಲ ಹೇಳಿದ. ಹೆಂಡತಿ ಅವನಿಗೆ ಒಂದು ಮಾತಿನ ಆಸರೆಯನ್ನೂ ಕೊಡಲಿಲ್ಲ.

ಮುದುಕಿ ಪೂರ್ತಿ ಕೇಳಿದಳು. "ಅಳಿಸಿದ ಜಾಗದಲ್ಲಿ ಏನು ಬರೆದೆ ತಮ್ಮಾ?"

"ನಮಗೆ ಇಲ್ಲಿ ಯಾವ ಕೊರತೆಯೂ ಇಲ್ಲ ಅಂತ."

ಮುದುಕಿ ಅಂಗಳದಾಚೆ ನೋಡಿದಳು. ಅಲ್ಲಿ ಪಾದ್ರಿಯ ಮಗಳು ಅವರನ್ನು ಹುಡುಕಿಕೊಂಡು ಓಡಿಬರುತ್ತಿದ್ದಳು.

"ಸುಳ್ಳೇನೂ ಬರೆದಿಲ್ಲ ಬಿಡು," ಎಂದಳು. "ನಿಮಗೆ ಕೊರತೆ ಇರ್ಲಿಲ್ಲ."

ಪಾದ್ರಿ ಅಲ್ಲೇ ಅಂಗಳದಲ್ಲಿ ಕುಸಿದು ಕೂತು ಅತ್ತ. ಸೂಜಿಯಮ್ಮನಿಗೆ ಅವನ ಅಳು ಕಂಡು ಕನಿಕರವಾಗಲಿಲ್ಲ. ಅತ್ತರೆ ಲಸಿಕೆ ತಣ್ಣಗಾಗುತ್ತದೆಯೇ? ಲಸಿಕೆಯ ಮುಂದಿನ ದೋಣಿಗೆ ಎರಡೇ ತಿಂಗಳಿತ್ತು, ಮೇಲಿನ ಊರುಗಳಲ್ಲಿ ಲಸಿಕೆ ಕಾಣದ ಇಪ್ಪತ್ತಾರು ಮಕ್ಕಳಿದ್ದರು. ಅವಳು ಮನೆಗೆ ಬಂದು, ತನ್ನ ಕೋಳಿ ಕೆದರಿದ ಅಕ್ಷರದಲ್ಲೇ ಪತ್ರ ಬರೆದಳು. ಕೋಟಿಗೆ ವಂದನೆ ಹೇಳಲಿಲ್ಲ, ಕನ್ನಡಕಕ್ಕಂತೂ ಹೇಳಲಿಲ್ಲ. ಫ್ರಿಜ್ಜಿನ ಅಳತೆ, ಮಗುವಿನ ಕಣ್ಣು, ಏಳು ವರ್ಷ ಪತ್ರ ತಿದ್ದಿದ್ದು ಯಾರೆಂಬುದು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಳು. ಲಕೋಟೆಯನ್ನು ತಾನೇ ಅಂಟಿಸಿ, ದಡದವರೆಗೆ ನಡೆದುಹೋಗಿ ಟಪಾಲಿನ ದೋಣಿಯ ಅಂಬಿಗನ ಕೈಗೆ ಕೊಟ್ಟಳು.

ಐವತ್ತು ದಿನಕ್ಕೆ ಸಣ್ಣದೊಂದು ಪೊಟ್ಟಣ ಬಂತು. ಕೋಟಿಲ್ಲ, ಬೂಟಿಲ್ಲ. ಸುರುಳಿ ಸುತ್ತಿದ ಕರಿ ರಬ್ಬರ್ ಪಟ್ಟಿ, ಹೆಚ್ಚಿಗೆ ಇರಲಿ ಎಂದು ಇನ್ನೊಂದು, ನಡುವೆ ಒಂದು ಚೀಟಿ. ಸಂಘದ ಹಿರಿಯ ಹೆಂಗಸೊಬ್ಬಳ ನಡುಗುವ ಕೈಬರಹ: 'ಇದು ನಮ್ಮ ಬೀದಿಯ ಅಂಗಡಿಯಲ್ಲೇ ಸಿಗುತ್ತದೆ ತಂಗಿ. ನೀನು ಕೇಳಿದ್ದು ನಮಗೆ ಮುಟ್ಟಿದ್ದರೆ ಆ ವಾರವೇ ಕಳಿಸುತ್ತಿದ್ದೆವಲ್ಲ, ಪಾದ್ರಿಗಳು ಯಾಕೆ ಕೇಳಗೊಡಲಿಲ್ಲ?'

ಪಟ್ಟಿಯನ್ನು ಸೂಜಿಯಮ್ಮನೇ ಕೂರಿಸಿದಳು, ಪಾದ್ರಿ ಬಾಗಿಲು ಹಿಡಿದುಕೊಂಡ. ಎರಡನೇ ದಿನ ಥರ್ಮಾಮೀಟರಿನ ಗೆರೆ ಕೆಳಗೇ ನಿಂತಿತ್ತು. ಲಸಿಕೆಯ ದೋಣಿ ಬಂದ ಐದನೇ ದಿನ ಮೇಲಿನ ಊರುಗಳಿಂದ ಇಪ್ಪತ್ತಾರು ಮಕ್ಕಳೂ ಬಂದರು, ಇಪ್ಪತ್ತಾರೂ ಕಿರುಚಿದವು.

ಆ ಚೀಟಿಯನ್ನು ಅವಳು ಪಾದ್ರಿಯ ಮೇಜಿನ ಎದುರಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದಳು. ಅವನು ಅದನ್ನು ತೆಗೆಯಲಿಲ್ಲ. ಪ್ರತಿ ಶನಿವಾರ ಪ್ರಸಂಗ ಬರೆಯಲು ಕೂತು ತಲೆಯೆತ್ತಿದಾಗ ಅವನು ಮೊದಲು ಓದಬೇಕಾದದ್ದು ಅದನ್ನೇ.