ತಬಲಾದ ಪಕ್ಕದ ಸಾಲು

ಹೋದ ಭಾನುವಾರ ಟಾಕೀಸಿನಲ್ಲಿ ಚಿತ್ರ ಮುಗಿಯಲು ಸ್ವಲ್ಪ ಇರುವಾಗ ದನಿ ಹೋಯಿತು. ಚಿತ್ರ ಓಡುತ್ತಲೇ ಇತ್ತು, ಮಾತು ಮಾತ್ರ ಇಲ್ಲ. ನಾಯಕಿ ಹೊಳೆಯ ಮೆಟ್ಟಿಲ ಮೇಲೆ ನಿಂತು ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಹಿಂದಿನವರು ಸೀಟಿ ಹೊಡೆದರು, ಮುಂದಿನವರು ಬೆಂಚು ಬಡಿದರು. ನನ್ನ ಹೆಂಡತಿ ಮೊಣಕೈಯಿಂದ ತಿವಿದು, "ಏನಂತಾಳ್ರೀ ಆಕಿ?" ಎಂದಳು. ನನಗೇನು ಗೊತ್ತು? ಆದರೂ ನೋಡಿ, ನನ್ನ ಬಾಯಿ ತಾನೇ ತಾನಾಗಿ ಹೇಳಿಬಿಟ್ಟಿತು: "ಆಕಿ ಅಣ್ಣ ಬರಾವ ಇದ್ದಾನಂತ. ಅದಕ್ಕ ಹೊಳಿ ದಂಡಿಗೆ ಬಂದು ನಿಂತಾಳ."

ಹೇಳಿದ ಮೇಲೆ ನನಗೇ ಗಾಬರಿ. ಆ ಮಾತು ನನ್ನದಲ್ಲ, ಕಲ್ಲಪ್ಪಣ್ಣನದು. ಅವನ ಮಾತು ನನ್ನ ಬಾಯಲ್ಲಿ ಇಷ್ಟು ವರ್ಷ ಎಲ್ಲಿ ಕೂತಿತ್ತೋ!

ನಾನು ಸಿನಿಮಾದ ಪಂಡಿತನೇನಲ್ಲ. ತಿಂಗಳಿಗೆ ಒಂದೋ ಎರಡೋ ನೋಡುತ್ತೇನೆ. ಆದರೆ ಸೋಮವಾರ ಪ್ರೆಸ್ಸಿಗೆ ಹೋದರೆ ಹುಡುಗರು, "ಹೆಂಗಿತ್ತರೀ ಚಿತ್ರ?" ಎಂದು ಕೇಳುತ್ತಾರೆ, ನಾನೂ ದೊಡ್ಡ ಮನುಷ್ಯನ ಹಾಗೆ ಅಭಿಪ್ರಾಯ ಕೊಡುತ್ತೇನೆ. ಹಾಡು ಹೆಚ್ಚಾಯಿತು, ಕತ್ತಿ ಕಡಿಮೆಯಾಯಿತು, ರಾಜನ ಮೀಸೆ ಒಂದು ಕಡೆ ಬಿಟ್ಟುಕೊಂಡಿತ್ತು, ಹೀಗೆ. ಓದಿದವನೆಂದು ಅವರು ನನ್ನನ್ನು ನಂಬುತ್ತಾರೆ. ನಾನು ಅಕ್ಷರ ಕಲಿತದ್ದು ಇಪ್ಪತ್ತಾರನೆಯ ವಯಸ್ಸಿಗೆ ಎಂಬುದು ಅವರಿಗೆ ಗೊತ್ತಿಲ್ಲ. ಆಫೀಸಿನ ಇಂಗ್ಲಿಷ್ ಟೈಪ್‌ರೈಟರಿನ ಮುಂದೆ ಒಂದೊಂದೇ ಅಕ್ಷರ ಹುಡುಕಿ ಕುಟ್ಟುವುದನ್ನು ನೋಡಿಯಾದರೂ ಅನುಮಾನ ಪಡಬೇಕಿತ್ತು. ಪಾಪ, ಅದನ್ನು ಅವರು ನನ್ನ ಎಚ್ಚರಿಕೆ ಎಂದು ತಿಳಿದಿದ್ದಾರೆ.

ಅಥಣಿಯಿಂದ ಪುಣೆಗೆ ಬಂದಾಗ ನಾನು ಇದೇ ಪ್ರೆಸ್ಸಿನ ಬೈಂಡಿಂಗ್ ಕೋಣೆಯಲ್ಲಿ ಅಂಟು ಬಳಿಯುವವನು. ಮೈದಾಹಿಟ್ಟಿನ ಅಂಟಿಗೆ ಹುಳ ಹತ್ತದಿರಲೆಂದು ಮೈಲುತುತ್ತ ಹಾಕಿ ಕುದಿಸುತ್ತಿದ್ದೆವು. ಆ ವಾಸನೆ ಎಷ್ಟು ತೊಳೆದರೂ ಕೈ ಬಿಡುತ್ತಿರಲಿಲ್ಲ, ರೊಟ್ಟಿಗೂ ಅದೇ ವಾಸನೆ. ಕಲ್ಲಪ್ಪಣ್ಣ ನಮ್ಮಲ್ಲಿ ಹಿರಿಯ. ಹದಿನೈದು ವರ್ಷದಿಂದ ಪುಣೆಯಲ್ಲಿ ಪುಸ್ತಕ ಹೊಲಿಯುತ್ತಿದ್ದ. ಮರಾಠಿಯನ್ನು ಇಲ್ಲಿನವರ ಹಾಗೇ ಮಾತಾಡುತ್ತಿದ್ದ. ಅವನ ಕೈಯಲ್ಲಿ ಒಂದು ಹಾಳೆ ಹಿಂದುಮುಂದಾದದ್ದಿಲ್ಲ. ದಿನವಿಡೀ ಪುಸ್ತಕದ ರಾಶಿಯ ನಡುವೆ ಕೂತವನು, ಎಷ್ಟು ಓದಿರಬೇಕು ಎಂದು ನಮಗೆಲ್ಲ ಬೆರಗು.

ಆಗಿನ್ನೂ ಮೂಕಿ ಚಿತ್ರಗಳ ಕಾಲ. ನೀವು ಅವನ್ನು ನೋಡಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ಪರದೆಯ ಮೇಲೆ ಜನ ಬಾಯಿ ಆಡಿಸಿದ ಮೇಲೆ, ಅವರು ಏನೆಂದರು ಎಂಬುದನ್ನು ಬರೆದ ಒಂದು ಹಲಗೆ ಬರುತ್ತಿತ್ತು. ಮರಾಠಿ ಇರುತ್ತಿತ್ತು, ಇಂಗ್ಲಿಷ್ ಇರುತ್ತಿತ್ತು, ಕನ್ನಡ ಎಲ್ಲಿಂದ ಬರಬೇಕು? ಓದು ಬಂದವರು ಗಟ್ಟಿಯಾಗಿ ಓದುತ್ತಿದ್ದರು, ಬಾರದವರು ಅವರ ಸುತ್ತ ಕೂರುತ್ತಿದ್ದರು. ಒಂದೊಂದು ಗುಂಪಿಗೆ ಒಬ್ಬೊಬ್ಬ ಓದುಗ. ನಮ್ಮ ಗುಂಪಿಗೆ ಕಲ್ಲಪ್ಪಣ್ಣ. ಅವನು ಮರಾಠಿ ಹಲಗೆ ನೋಡಿ ನಮಗೆ ನೇರ ಕನ್ನಡದಲ್ಲೇ ಹೇಳುತ್ತಿದ್ದ.

ಅವನದೊಂದು ಹಟ. ಚಿತ್ರಕ್ಕೆ ಸಂಗೀತ ಕೊಡಲು ಪರದೆಯ ಕೆಳಗೆ ತಬಲಾ, ಹಾರ್ಮೋನಿಯಂ ಪೇಟಿಯವರು ಕೂರುತ್ತಿದ್ದರಲ್ಲ, ಅದರಲ್ಲೂ ತಬಲಾದವನ ಪಕ್ಕಕ್ಕೇ ನೆಲದ ಮೇಲೆ ನಾವು ಕೂರಬೇಕು. ಕತ್ತು ನೋಯುತ್ತಿತ್ತು, ಕಿವಿ ಗುಂಯ್ ಎನ್ನುತ್ತಿತ್ತು, ಬೇರೆ ಗುಂಪಿನವರು ಓದುವುದು ಒಂದಕ್ಷರ ಕೇಳಿಸುತ್ತಿರಲಿಲ್ಲ. ಕಲ್ಲಪ್ಪಣ್ಣನಿಗೆ ಸಂಗೀತದ ಮೇಲೆ ಬಹಳ ಪ್ರೀತಿ ಎಂದು ನಾನು ತಿಳಿದಿದ್ದೆ.

ಏನು ಹೇಳುತ್ತಿದ್ದ ಅಂತೀರಿ! ಅತ್ತೆ ಕಣ್ಣು ಕೆಂಪಗೆ ಮಾಡಿದರೆ ಅವಳ ಇಡೀ ಜಾತಕ ಬರುತ್ತಿತ್ತು. ಅವನ ಚಿತ್ರಗಳಲ್ಲಿ ಕಷ್ಟದಲ್ಲಿರುವ ಹೆಣ್ಣುಮಗಳಿಗೆ ತಪ್ಪದೆ ಒಬ್ಬ ಅಣ್ಣ ಇರುತ್ತಿದ್ದ. ದೂರದ ಊರಲ್ಲಿ ಇರುತ್ತಿದ್ದ, ಸುದ್ದಿ ತಿಳಿದು ಚಕ್ಕಡಿ ಕಟ್ಟಿಕೊಂಡು ಹೊರಟಿರುತ್ತಿದ್ದ. ಒಮ್ಮೆ ಕಾಗದ ಕತ್ತರಿಸುವ ಮರಾಠಿಯವನ ಜೊತೆ ನಾನು ಒಂದು ಚಿತ್ರದ ಬಗ್ಗೆ ವಾದಕ್ಕೆ ಬಿದ್ದೆ. ಅದರಲ್ಲಿ ಎಲ್ಲರಿಗಿಂತ ಒಳ್ಳೆಯವನು ಅಣ್ಣನೇ ಎಂದೆ. ಅವನು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದ. "ಅರೇ, ಕುಠಲಾ ಭಾವೂ?" ಯಾವ ಅಣ್ಣ? ಪಾಪ, ಇವನಿಗೆ ಚಿತ್ರವೇ ಅರ್ಥವಾಗಿಲ್ಲ ಎಂದು ನಾನು ಮರುಗಿದೆ.

ಆ ವರ್ಷವೇ ಪೇಟೆಯಲ್ಲಿ ದೊಡ್ಡವರಿಗಾಗಿ ಸಂಜೆ ಶಾಲೆ ತೆರೆದರು. ನಾನು ಸೇರಿದೆ. ಆರು ತಿಂಗಳಲ್ಲಿ ಮರಾಠಿ ಅಕ್ಷರ ಕೂಡಿಸತೊಡಗಿದೆ. ಅಂಗಡಿಯ ಬೋರ್ಡು, ಗೋಡೆಯ ಬರಹ, ಸಾಬೂನಿನ ಕಾಗದ, ಏನು ಸಿಕ್ಕರೂ ಓದುತ್ತಿದ್ದೆ. ಹುಚ್ಚು ಹಿಡಿದಂತಾಗಿತ್ತು.

ಹಾಗಿರುವಾಗ ಒಂದು ಭಾನುವಾರ. ಪರದೆಯ ಮೇಲೆ ದಪ್ಪ ಮೀಸೆಯ ಮಾವ ಸೊಸೆಯ ಮುಂದೆ ನಿಂತು ಬಾಗಿಲ ಕಡೆ ಕೈ ತೋರಿಸಿದ. ಹಲಗೆ ಬಂತು. ಮೊದಲ ಸಲ ಆ ಬಿಳಿ ಗೆರೆಗಳು ನನ್ನ ಕಣ್ಣಿಗೆ ಅಕ್ಷರವಾದವು. ತುಟಿ ಆಡಿಸುತ್ತ ಕೂಡಿಸಿದೆ. "ಹೊರಗೆ ನಡಿ. ಈ ಮನೆಯಲ್ಲಿ ನಿನಗೆ..." ಅಷ್ಟರಲ್ಲಿ ಪಕ್ಕದಲ್ಲಿ ಕಲ್ಲಪ್ಪಣ್ಣನ ದನಿ: "'ಹೊರಗ ನಿಮ್ಮಣ್ಣ ಬಂದಾನ, ನೋಡ ಹೋಗವಾ' ಅಂತಾನ."

ಸೊಸೆ ಸೆರಗು ಮುಚ್ಚಿಕೊಂಡು ಅತ್ತಳು.

"ಯಾಕ ಅಳ್ತಾಳೋ?" ಎಂದ ಗಿರಿಮಲ್ಲ. ಅವನು ನಮ್ಮ ಪ್ರೆಸ್ಸಿನ ಅಚ್ಚಿನ ಮಷೀನಿನವನು, ಮೂಗು ತೂರಿಸದ ಜಾಗವಿಲ್ಲ.

"ಖುಷಿಗೆ."

"ಮತ್ತ ಅಣ್ಣ ಎಲ್ಲದಾನ? ಕಾಣವಲ್ಲ."

"ಗಾಡಿ ಬಿಡಾಕ ಹೋಗ್ಯಾನಲೇ! ಎತ್ತು ಕಟ್ಟಬ್ಯಾಡೇನು?"

ನಾನು ಕಲ್ಲಪ್ಪಣ್ಣನ ಕಡೆ ತಿರುಗಿದೆ. ಅವನು ಆಗಲೇ ನನ್ನ ತುಟಿ ನೋಡುತ್ತಿದ್ದ. ಆಮೇಲೆ ಒಂದೆರಡು ಹಲಗೆಗೆ ಕೆಮ್ಮಿದ, ಗಂಟಲು ಕಟ್ಟಿದೆ ಎಂದ. ಆಗ ನನಗೆ ಹೊಳೆಯಿತು. ಹಾಳೆಯ ಮೂಲೆಯ ಅಂಕಿ ನೋಡಿ ಪುಸ್ತಕ ಜೋಡಿಸುತ್ತಿದ್ದ ನಮ್ಮ ಕಲ್ಲಪ್ಪಣ್ಣನಿಗೆ ಅಂಕಿ ಗೊತ್ತಿತ್ತು, ಒಂದೇ ಒಂದು ಅಕ್ಷರ ಗೊತ್ತಿರಲಿಲ್ಲ.

ಮುಂದಿನ ಭಾನುವಾರ, "ತಲಿ ನೋಯಾಕತ್ತದ, ನೀವು ಹೋಗ್ರಿ" ಎಂದ. ನಾವು ಹೋದೆವು. ಓದುವವರಾರು? ಗಿರಿಮಲ್ಲ ನನ್ನ ಬೆನ್ನಿಗೆ ಗುದ್ದಿದ. "ಇಲ್ಲೊಬ್ಬ ಶಾಲಿ ಕಲ್ತ ಶಾಣ್ಯಾ ಅದಾನಲ್ಲ, ಓದ್ಲಿ." ನಿಜ ಹೇಳುತ್ತೇನೆ, ಒಳಗೊಳಗೆ ನನಗೂ ಆಸೆ ಇತ್ತು. ಹಲಗೆ ಬಂತು. ನಾನು ಗಟ್ಟಿಯಾಗಿ ಶುರುಮಾಡಿದೆ. "ಎಲೈ... ದು... ದುಷ್ಟನೇ... ನಿ..."

"ಮುಂದ?"

"ಹೋತು."

"ದುಷ್ಟ ಹೋದ್ನೋ?"

"ಹಲಗಿ ಹೋತು."

ನಮ್ಮ ಸಾಲೇ ನಕ್ಕಿತು. ಇಡೀ ಚಿತ್ರದಲ್ಲಿ ನನಗೆ ಒಂದು ಹಲಗೆಯೂ ಕೊನೆ ಮುಟ್ಟಲಿಲ್ಲ. ಹೊರಗೆ ಬಂದು ಶೇಂಗಾ ಸುಲಿಯುತ್ತ ಗಿರಿಮಲ್ಲ ಸುಮ್ಮನೆ ಕೇಳಿದ: "ಅಲ್ಲೋ, ಆ ಹಲಗಿ ಇಷ್ಟ ಸಣ್ಣದು. ಕಲ್ಲಪ್ಪಣ್ಣ ಅದರಾಗ ಅಷ್ಟುದ್ದ ಮಾತು ಎಲ್ಲಿಂದ ಓದ್ತಾನ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಆ ದಿನದ ನನ್ನ ಅವಮಾನವೆಲ್ಲ ತೊಳೆದುಹೋಗುತ್ತಿತ್ತು. ಸೋಮವಾರದ ಹೊತ್ತಿಗೆ ಇಡೀ ಪ್ರೆಸ್ಸು ಕಲ್ಲಪ್ಪಣ್ಣನನ್ನು ನೋಡಿ ನಗುವಂತೆಯೂ ಆಗುತ್ತಿತ್ತು. "ಅಂವಗ ಭಾಳ ವರ್ಷದ ರೂಢಿ" ಎಂದೆ.

ಮರುದಿನ ಕಲ್ಲಪ್ಪಣ್ಣ ಅಂಟು ಕಲಸುತ್ತಿದ್ದಲ್ಲಿಗೆ ಹೋಗಿ ಕೂತೆ.

"ಬರೂ ಐತವಾರ ನೀ ಬರಬೇಕು, ಅಣ್ಣಾ."

"ಓದಾಕ ನೀ ಅದಿಯಲ್ಲೋ." ತಲೆ ಎತ್ತಲಿಲ್ಲ.

"ನನಗ ಓದಾಕ ಬರ್ತದ. ಹೇಳಾಕ ಬರೂದಿಲ್ಲ."

ಬಹಳ ಹೊತ್ತು ಕೋಲು ತಿರುಗಿಸಿದ. ಅಂಟು ಗಟ್ಟಿಯಾಗುತ್ತ ಬಂತು. ಆಮೇಲೆ ಮೆಲ್ಲಗೆ, "ಅವತ್ತ ಎಷ್ಟು ಓದಿದಿ?"

"ಒಂದ ಹಲಗಿ. ಅದೂ ಅರ್ಧಾ."

"ಏನಿತ್ತು?"

"ಅಣ್ಣ ಇರಲಿಲ್ಲ."

ಕಲ್ಲಪ್ಪಣ್ಣ ಕೋಲು ಎತ್ತಿ ಅಂಟು ಸೋರುವುದನ್ನು ನೋಡಿದ. "ಇರಬೇಕಾಗಿತ್ತು" ಎಂದ.

ಅವನಿಗೆ ಊರಲ್ಲಿ ತಂಗಿ ಇದ್ದಳೋ, ಇದ್ದರೆ ಅವಳಿಗೇನಾಗಿತ್ತೋ, ನಾನು ಕೇಳಲಿಲ್ಲ. ಈಗ ಕೇಳಬೇಕಿತ್ತು ಅನಿಸುತ್ತದೆ. ಆ ಭಾನುವಾರ ಅವನು ಬಂದ. ತಬಲಾದ ಪಕ್ಕದಲ್ಲೇ ಕೂತೆವು. ನಾನು ಹೆಸರು ಮಾತ್ರ ಓದಿ ಅವನ ಕಿವಿಯಲ್ಲಿ ಹೇಳುತ್ತಿದ್ದೆ, ಇವಳು ಸುಂದರಾ, ಇವನು ದಿವಾನ ಎಂದು. ಉಳಿದದ್ದೆಲ್ಲ ಅವನದು. ನನ್ನ ಓದು ಚುರುಕಾದ ಮೇಲೂ ಹಾಗೇ ನಡೆಯಿತು. ಬೇಕೆಂದಾಗ ಹಲಗೆಯಿಂದ ಕಣ್ಣು ತೆಗೆಯುವುದನ್ನೂ ಕಲಿತೆ. ಗಿರಿಮಲ್ಲನಿಗೆ ಕಡೆಯತನಕ ಗೊತ್ತಾಗಲಿಲ್ಲ.

ಆಮೇಲೆ ಮಾತಾಡುವ ಚಿತ್ರ ಬಂತು. ಕಲ್ಲಪ್ಪಣ್ಣ ನಮ್ಮ ಜೊತೆ ಒಂದೇ ಸಲ ಬಂದ. ತಬಲಾದವನ ಜಾಗದಲ್ಲಿ ಯಾರೋ ಟೋಪಿಯವರು ಕೂತಿದ್ದರು. ಅಭ್ಯಾಸಬಲದಿಂದ ನಾವು ಕಲ್ಲಪ್ಪಣ್ಣನ ಮುಖ ನೋಡಿದೆವು. "ಅವರ ಮಾತಾಡಾಕತ್ತಾರಲ್ಲೋ, ನಾ ಏನ ಹೇಳ್ಲಿ?" ಎಂದು ನಕ್ಕ. ಮರುವರ್ಷ ಕಣ್ಣು ಮಂಜಾಯಿತೆಂದು ಊರಿಗೆ ಹೋದ, ತಿರುಗಿ ಬರಲಿಲ್ಲ.

ಮೊನ್ನೆ ಟಾಕೀಸಿನಲ್ಲಿ ಸ್ವಲ್ಪ ಹೊತ್ತಿಗೆ ದನಿ ಬಂತು. ನಾಯಕಿ ಹೇಳುತ್ತಿದ್ದದ್ದು ಬೇರೆಯೇ. ಹೇಳಿ ಮುಗಿಸಿ ಹೊಳೆಗೆ ಇಳಿದಳು. ನೀರು ಮುಚ್ಚಿಕೊಂಡಿತು, ಚಿತ್ರವೂ ಮುಗಿಯಿತು. ಹೆಂಡತಿ ಕಣ್ಣೊರೆಸಿಕೊಂಡು, "ಅಣ್ಣ ಬರ್ತಾನ ಅಂದ್ರಲ್ರೀ" ಎಂದಳು.

ಸೋಮವಾರ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಹುಡುಗ ಎಂದಿನಂತೆ ಕೇಳಿದ, "ಹೆಂಗಿತ್ತರೀ ಚಿತ್ರ?" ಅವನೂ ಅದೇ ಆಟಕ್ಕೆ ಹೋಗಿದ್ದನಂತೆ.

"ಚಲೋ ಇತ್ತು" ಎಂದೆ. "ಅದರಾಗ ಅಣ್ಣನ ಪಾರ್ಟು ಭಾಳ ಚಲೋ."

ಅವನು ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದ. "ಯಾವ ಅಣ್ಣರೀ?"

"ಗಾಡಿ ಬಿಡಾಕ ಹೋಗಿದ್ದಪಾ" ಎಂದೆ. "ನೀ ಲಗೂ ಎದ್ದು ಬಂದಿ."